ಸಾಕ್ಷಿ ಹೇಳಲು ಬಂದ ಹುಡುಗಿ

ಚಿಕ್ಕ ಡಾಕ್ಟರ್‌ಗೆ ಸ್ಟೆನೊ ಮೇಲೆ ಮೊದಲ ದಿನವೇ ಸಿಟ್ಟು ಬಂದಿತ್ತು.

ಅಂದು ಅವಳು ಜೀವನದಲ್ಲೇ ಮೊದಲ ಸಲ ಕೋರ್ಟಿನ ಸಾಕ್ಷಿ ಕಟಕಟೆ ಹತ್ತಿದ್ದಳು. ಹೊಸ ಚಪ್ಪಲಿ ಹಿಮ್ಮಡಿ ಕಚ್ಚುತ್ತಿತ್ತು. ಅಂಗೈ ಬೆವರು ಕಟಕಟೆಯ ಮರದ ಮೇಲೆ ಅಚ್ಚೊತ್ತುತ್ತಿತ್ತು. ಎದುರಿಗೆ ಎತ್ತರದಲ್ಲಿ ನ್ಯಾಯಾಧೀಶರು. ಅವರ ಕೆಳಗೆ ಒಂದು ಸಣ್ಣ ಮೇಜು, ಮೇಜಿನ ಹಿಂದೆ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕೂತ ಸ್ಟೆನೊ. ಸಾಕ್ಷಿಯ ಬಾಯಿಂದ ಬಿದ್ದ ಮಾತನ್ನು ಬಿದ್ದ ಹಾಗೆಯೇ ಟೈಪ್ ಮಾಡುವುದು ಅವನ ಕೆಲಸ. ಮೂವತ್ತರ ಆಸುಪಾಸು, ಮೊಣಕೈವರೆಗೆ ಮಡಚಿದ ತೋಳು, ಯಾರ ಪಕ್ಷವನ್ನೂ ವಹಿಸದ ಮುಖ.

ಮುದುಕರೊಬ್ಬರು ತಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ಅವರ ಆರೈಕೆಗೆ ಬರುತ್ತಿದ್ದ ಹೆಂಗಸು ಕಬ್ಬಿಣದ ಸಲಾಕೆಯಿಂದ ತಲೆಗೆ ಹೊಡೆದಳು ಎಂಬುದು ಪೊಲೀಸರ ಆರೋಪ. ಶವಪರೀಕ್ಷೆ ಮಾಡಿದವಳು ಚಿಕ್ಕ ಡಾಕ್ಟರ್. ಫೊರೆನ್ಸಿಕ್ ವಿಭಾಗದಲ್ಲಿ ಅವಳದು ಎಂ.ಡಿ.ಯ ಕೊನೆಯ ವರ್ಷ. ವಿಭಾಗದ ಮುಖ್ಯಸ್ಥೆ ದೊಡ್ಡ ಡಾಕ್ಟರ್ ಆದ್ದರಿಂದ, ಇವಳಿಗೆ ಚಿಕ್ಕ ಡಾಕ್ಟರ್ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತ್ತು.

ಸರ್ಕಾರಿ ವಕೀಲರು, ತಲೆಯ ಗಾಯ ಯಾವ ಕಡೆ ಇತ್ತು ಎಂದು ಕೇಳಿದರು.

"ಬಲಗಡೆ," ಎಂದಳು.

ಕೀಬೋರ್ಡಿನ ಸದ್ದು ನಿಂತಿತು. ಸ್ಟೆನೊ ತಲೆ ಎತ್ತಿ ನೇರವಾಗಿ ಅವಳನ್ನೇ ನೋಡಿದ.

"ದಯವಿಟ್ಟು ಇನ್ನೊಮ್ಮೆ ಹೇಳಿ ಡಾಕ್ಟ್ರೇ. ಯಾವ ಕಡೆ?"

ಹಿಂದಿನ ಬೆಂಚಿನಲ್ಲಿ ಯಾರೋ ಮುಸಿ ಮುಸಿ ನಕ್ಕರು. ಇವಳ ಕಿವಿ ಬಿಸಿಯಾಯಿತು. ಹೊಸಬಳು, ಸ್ವರ ಏಳುತ್ತಿಲ್ಲ ಎಂದು ಆಡಿಕೊಳ್ಳುತ್ತಿದ್ದಾನೆ, ಇರಲಿ. ಅವಳು ಅಕ್ಷರ ಅಕ್ಷರವನ್ನೂ ಕಚ್ಚಿ, ಕೊಠಡಿಯ ಕೊನೆಯ ಗೋಡೆಗೂ ಕೇಳುವ ಹಾಗೆ "ಬಲಗಡೆ" ಎಂದಳು.

ಅವನು ಇನ್ನೂ ಒಂದು ಕ್ಷಣ ಕಣ್ಣು ತೆಗೆಯಲಿಲ್ಲ. ಆಮೇಲೆ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಸಹಿಗೆ ಕಾಗದ ಮುಂದಿಟ್ಟಾಗಲೂ, ಅವಸರ ಇಲ್ಲ, ನಿಧಾನವಾಗಿ ಓದಿ ನೋಡಿ ಎಂದು ಮೆಲ್ಲಗೆ ಹೇಳಿದ. ಅವನ ಉಪದೇಶ ಬೇರೆ ಕೇಡು ಎಂದುಕೊಂಡು ಚಿಕ್ಕ ಡಾಕ್ಟರ್ ಓದದೆಯೇ ಸಹಿ ಗೀಚಿ ಹೊರಟುಬಿಟ್ಟಳು.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಣ್ಣು ಮುಚ್ಚಿ, ಆ ಮುದುಕರ ಶವಪರೀಕ್ಷೆಯನ್ನು ಮೊದಲಿಂದ ನೆನೆಸಿಕೊಂಡಳು. ಅದು ಅವಳ ಅಭ್ಯಾಸ. ಕೂದಲು ಸರಿಸಿದ್ದು, ಗಾಯವನ್ನು ಅಳೆದದ್ದು, ಮೇಜಿನ ಆ ಬದಿಗೆ ತಾನು ಸುತ್ತಿ ಹೋದದ್ದು. ಅವಳಿಗೆ ಗೊತ್ತಿಲ್ಲದೆಯೇ ಅವಳ ಕೈ ಅವಳದೇ ತಲೆಯ ಎಡಗಡೆಯನ್ನು ಮುಟ್ಟಿತು.

ಕೈ ಅಲ್ಲೇ ನಿಂತಿತು.

ಚರ್ಮದ ಗಾಯ ಇದ್ದದ್ದು ಎಡಗಡೆ. ಬಲಗಡೆ ಇದ್ದದ್ದು ಒಳಗೆ, ಮೆದುಳು ಜಜ್ಜಿದ ಗುರುತು. ನಿಂತ ತಲೆಗೆ ಯಾರಾದರೂ ಬಾರಿಸಿದರೆ ಏಟು ಬಿದ್ದ ಬದಿಯಲ್ಲೇ ಮೆದುಳು ಹೆಚ್ಚು ಜಜ್ಜುತ್ತದೆ. ಬೀಳುತ್ತಿರುವ ತಲೆ ನೆಲಕ್ಕೋ ಗೋಡೆಗೋ ಬಡಿದರೆ ಎದುರು ಬದಿಯಲ್ಲಿ. ಮುದುಕರನ್ನು ಯಾರೂ ಹೊಡೆದಿಲ್ಲ, ಅವರು ಬಿದ್ದಿದ್ದಾರೆ ಎಂಬುದಕ್ಕೆ ಇದ್ದ ಗಟ್ಟಿ ಆಧಾರ ಅದೊಂದೇ. ಅವಳು ಒಳಗಿನದನ್ನು ಯೋಚಿಸುತ್ತಾ ಹೊರಗಿನದಕ್ಕೆ ಉತ್ತರ ಕೊಟ್ಟಿದ್ದಳು. ಅದೂ ಎರಡೆರಡು ಸಲ. ಎರಡನೆಯ ಸಲ ಕಿರುಚಿ.

ಮುಂದಿನ ಸ್ಟಾಪಿನಲ್ಲೇ ಇಳಿದು, ಇನ್ನೊಂದು ಬಸ್ಸು ಹಿಡಿದು, ಸೀದಾ ವಿಭಾಗಕ್ಕೆ ಬಂದು ಮೇಡಂ ಎದುರು ನಿಂತಳು. ದೊಡ್ಡ ಡಾಕ್ಟರ್‌ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಡಂ ಎಂದೇ. ನಿವೃತ್ತಿಗೆ ಎರಡು ವರ್ಷ ಉಳಿದ, ಹೊಗಳುವುದನ್ನೂ ಬೈಯುವುದನ್ನೂ ಅಳೆದು ಸುರಿಯುವ ಹೆಂಗಸು. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕತ್ತರಿಸೋದು, ಹೊಲಿಯೋದು ಯಾರು ಬೇಕಾದ್ರೂ ಕಲೀತಾರೆ. ನಾಳೆ ಬೆಳಿಗ್ಗೆ ಹೋಗಿ, ಎಲ್ಲರ ಮುಂದೆ ನಿಂತು ನಾನು ತಪ್ಪು ಹೇಳಿದೆ ಅನ್ನು. ನೀನು ಈ ಕೆಲಸಕ್ಕೆ ಆಗ್ತೀಯೋ ಇಲ್ವೋ ಅಂತ ಆಮೇಲೆ ನೋಡೋಣ."

ಅದನ್ನು ಹೇಳುವುದು ಅವಳು ಅಂದುಕೊಂಡದ್ದಕ್ಕಿಂತ ಕಷ್ಟವಿತ್ತು. ಸರ್ಕಾರಿ ವಕೀಲರು ಮುಖ ಗಂಟಿಕ್ಕಿದರು. ಎಡ ಬಲ ತಿಳಿಯದ ಡಾಕ್ಟರನ್ನು ಎಷ್ಟರ ಮಟ್ಟಿಗೆ ನಂಬಬೇಕು, ರಾತ್ರಿ ಬೆಳಗಾಗುವುದರೊಳಗೆ ಯಾರಾದರೂ ಬಂದು ಕಿವಿ ಊದಿದರೇ ಎಂದೆಲ್ಲ ಕೇಳಿದರು. ಅವಳು ಕಟಕಟೆಯ ಅಂಚು ಬಿಟ್ಟು ನೆಟ್ಟಗೆ ನಿಂತಳು. ತನ್ನ ತಲೆಯನ್ನೇ ಮುಟ್ಟಿ ತೋರಿಸುತ್ತಾ, ಗಾಯ ಇಲ್ಲಿ, ಒಳಗಿನ ಪೆಟ್ಟು ಇಲ್ಲಿ, ನಿನ್ನೆ ನಾನು ಎರಡನ್ನೂ ಕಲೆಸಿ ಹೇಳಿದೆ, ತಪ್ಪು ನನ್ನದು ಎಂದಳು. ಮುದುಕರು ತಾವೇ ಜಾರಿದರೋ ಯಾರಾದರೂ ತಳ್ಳಿದರೋ ಎಂಬುದನ್ನು ದೇಹ ಹೇಳುವುದಿಲ್ಲ. ಸಲಾಕೆಯ ಏಟಲ್ಲ ಎಂಬುದನ್ನು ಹೇಳುತ್ತದೆ ಎಂದೂ ಸೇರಿಸಿದಳು.

ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಆರೈಕೆಯ ಹೆಂಗಸು ಆಗ ಮೊದಲ ಸಲ ಮುಖ ಎತ್ತಿದಳು. ಆ ಮುಖ ಚಿಕ್ಕ ಡಾಕ್ಟರ್‌ಗೆ ಬಹಳ ದಿನ ಮರೆತುಹೋಗಲಿಲ್ಲ.

ಸ್ಟೆನೊ ಈ ಸಲ ಎಲ್ಲಿಯೂ ತಡೆಯಲಿಲ್ಲ. ಕೊಟ್ಟ ಕಾಗದವನ್ನು ಅವಳು ಮೂರು ಸಲ ಓದಿ ಸಹಿ ಮಾಡಿದಳು. ಮೂರು ಸಲವೂ ಅವನು ಕಾದ.

ಮಧ್ಯಾಹ್ನದ ಬಿಡುವಿನಲ್ಲಿ ಕಾರಿಡಾರಿನ ನೀರಿನ ನಲ್ಲಿಯ ಹತ್ತಿರ ಅವನು ಬಾಟಲಿ ತುಂಬಿಸುತ್ತಿದ್ದ. ಅವಳು ಹೋಗಿ ಪಕ್ಕದಲ್ಲಿ ನಿಂತಳು.

"ನಿಮಗೆ ನಿನ್ನೆಯೇ ಗೊತ್ತಿತ್ತು ಅಲ್ವಾ?"

ಅವನು ನಲ್ಲಿ ನಿಲ್ಲಿಸಿದ. ಅದರ ಹಿಂದಿನ ದಿನ ಪೊಲೀಸ್ ಫೋಟೊಗ್ರಾಫರ್ ಸಾಕ್ಷಿ ಹೇಳುವಾಗ ಗಾಯ ಎಡಗಡೆ ಎಂದಿದ್ದರಂತೆ. ಅದನ್ನೂ ಟೈಪ್ ಮಾಡಿದವನು ಅವನೇ. "ಸಾಕ್ಷಿಗೆ ನಾನು ಹೇಳಿಕೊಡೋ ಹಾಗಿಲ್ಲ ಡಾಕ್ಟ್ರೇ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಅನ್ನಬಹುದು, ಅಷ್ಟೇ. ಅಂದೆ. ನೀವು ಇನ್ನೂ ಜೋರಾಗಿ ಹೇಳಿದ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಅವನು ನಗಲಿಲ್ಲ, ಕೆನ್ನೆಯ ಒಂದು ಬದಿ ಮಾತ್ರ ಸ್ವಲ್ಪ ಒಳಕ್ಕೆ ಹೋಯಿತು. ಹತ್ತಿರದಿಂದ ನೋಡಿದರೆ ಅಲ್ಲೊಂದು ಗುಳಿ ಇತ್ತು. ನಿನ್ನೆ ಕಟಕಟೆಯಿಂದ ಅದು ಕಂಡಿರಲಿಲ್ಲ.

"ಈ ಕೇಸಿನ ತೀರ್ಪು ಬರೋವರೆಗೂ ನಾವು ಹೀಗೆ ನಿಂತು ಮಾತಾಡೋದು ಸರಿಯಲ್ಲ," ಎಂದ. "ಎರಡು ತಿಂಗಳು ಆಗಬಹುದು."

"ನಮಗೆ ಮಾತಾಡೋಕೆ ಏನಿದೆ?"

"ಯೋಚನೆ ಮಾಡೋಕೆ ಎರಡು ತಿಂಗಳು ಇದೆಯಲ್ಲ," ಎಂದು ಬಾಟಲಿಯ ಮುಚ್ಚಳ ತಿರುಗಿಸಿ ಹೊರಟುಹೋದ.

ಆ ಎರಡು ತಿಂಗಳಲ್ಲಿ ಬೇರೆ ಕೇಸುಗಳ ಕಡತ ಹೊತ್ತು ಅವಳು ಆರೇಳು ಸಲ ಕೋರ್ಟಿಗೆ ಹೋದಳು. ಅವನು ಎದುರಾದರೆ ತಲೆಯನ್ನು ಒಂದಿಷ್ಟು, ಬೇರೆಯವರಿಗೆ ತಿಳಿಯದಷ್ಟು ಬಾಗಿಸುತ್ತಿದ್ದ. ಅವಳು ಕಡತವನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದು ಗಂಭೀರವಾಗಿ ದಾಟಿ ಹೋಗುತ್ತಿದ್ದಳು. ತಿರುವಿನ ಕಿಟಕಿ ಗಾಜಿನಲ್ಲಿ ಹಿಂದಿನದು ಕಾಣುತ್ತಿತ್ತು. ಅವನು ಅಲ್ಲೇ ನಿಂತಿರುತ್ತಿದ್ದ. ಮಾತಿಲ್ಲ, ಕತೆಯಿಲ್ಲ, ಆದರೂ ಆ ದಿನ ಹೊಟ್ಟೆಯಲ್ಲಿ ಹಸಿವೂ ಅಲ್ಲದ, ತುಂಬಿದ್ದೂ ಅಲ್ಲದ ಒಂದು ಹಿತ ಇರುತ್ತಿತ್ತು.

ಮನೆಯಲ್ಲಿ ಇದ್ಯಾವುದೂ ಗೊತ್ತಿರಲಿಲ್ಲ. ಅಮ್ಮ ಪ್ರಾಥಮಿಕ ಶಾಲೆಯ ಟೀಚರು, ಅಪ್ಪ ಗಡಿಯಾರ ರಿಪೇರಿ ಮಾಡುವವರು. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಮ್ಮ "ಡಾಕ್ಟರು" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಮಾತು ಬದಲಿಸುತ್ತಿದ್ದರು. ತಪ್ಪು ಅಮ್ಮನದೂ ಅಲ್ಲ. ನೋಡಲು ಬಂದ ಎರಡು ಸಂಬಂಧ ಈ ಕಾರಣಕ್ಕೇ ಮುರಿದಿದ್ದವು. ಹುಡುಗನ ತಾಯಿಯೊಬ್ಬರು, ಅದೇ ಕೈಯಲ್ಲಿ ಅಡುಗೆ ಮಾಡುತ್ತಾಳಾ ಎಂದು ಇವಳ ಎದುರೇ ಕೇಳಿದ್ದರು. ಅವತ್ತಿನಿಂದ ಊಟಕ್ಕೆ ಕೂರುವ ಮುಂಚೆ ಕೈಯನ್ನು ಮೂಸಿ ನೋಡುವುದು ಅವಳಿಗೆ ಚಾಳಿಯಾಗಿಬಿಟ್ಟಿತ್ತು.

ಈ ವಿಭಾಗವನ್ನು ಅವಳೇನೂ ಬಯಸಿ ಆರಿಸಿಕೊಂಡಿರಲಿಲ್ಲ. ರ್‍ಯಾಂಕಿಗೆ ಸಿಕ್ಕಿದ್ದು ಇದು. ಒಂದು ವರ್ಷ ದೂಡಿ ಬೇರೆ ಪರೀಕ್ಷೆ ಬರೆಯುವುದು ಎಂದುಕೊಂಡಿದ್ದಳು. ಆ ವರ್ಷವೇ ಬಸ್ ನಿಲ್ದಾಣದ ಬೆಂಚಿನ ಮೇಲೆ ಸತ್ತು ಕೂತಿದ್ದ ಒಬ್ಬರು ಬಂದರು. ಅವರ ಹೆಂಡತಿ ಬಾಗಿಲ ಹೊರಗೆ ಮೂರು ಗಂಟೆ ಕಾದು, ಅವರು ತುಂಬಾ ಒದ್ದಾಡಿದರಾ, ಯಾರನ್ನಾದರೂ ಕೂಗಿದರಾ ಎಂದು ಕೇಳಿದರು. ಇಲ್ಲ, ಎದೆಯ ದೊಡ್ಡ ರಕ್ತನಾಳ ಒಡೆದಿದೆ, ಕೂಗುವಷ್ಟೂ ಹೊತ್ತು ಇರಲಿಲ್ಲ ಎಂದು ಇವಳು ಹೇಳಿದಳು. ಅದು ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ, ಕಣ್ಣಾರೆ ಕಂಡದ್ದು. ಆ ಹೆಂಗಸು ಇವಳ ಮಣಿಕಟ್ಟು ಹಿಡಿದು ಬಹಳ ಹೊತ್ತು ನಿಂತಿದ್ದರು. ಬೇರೆ ಪರೀಕ್ಷೆಯ ಅರ್ಜಿ ಡ್ರಾಯರಿನಲ್ಲೇ ಉಳಿಯಿತು.

ಎರಡು ತಿಂಗಳಲ್ಲ, ಹತ್ತು ವಾರ ಹಿಡಿಯಿತು. ಆರೈಕೆಯ ಹೆಂಗಸು ಬಿಡುಗಡೆಯಾದಳು. ಮಾರನೆಯ ದಿನ ಮಧ್ಯಾಹ್ನ ಕಾಲೇಜಿನ ಅಂಗಳದ ಮರದ ಕೆಳಗೆ ಸ್ಟೆನೊ, ಎರಡು ಕೈಯಲ್ಲಿ ಎರಡು ಕಪ್ ಟೀ ಹಿಡಿದು ನಿಂತಿದ್ದ.

"ತೀರ್ಪು ಬಂತು," ಎಂದ.

ಕಲ್ಲು ಬೆಂಚಿನ ಮೇಲೆ ಕೂತರು. ಟೀ ಕುಡಿದು ಮುಗಿಸಿದರು. ಹತ್ತು ವಾರ ಯೋಚಿಸಿದ್ದೆಲ್ಲ ಎಲ್ಲಿ ಹೋಯಿತೋ. ಇನ್ನು ಅವನು ಆ ಪ್ರಶ್ನೆ ಕೇಳುತ್ತಾನೆ ಎಂದು ಅವಳು ಕಾದಳು. ಹೆಣದ ಜೊತೆ ಭಯ ಆಗಲ್ವಾ, ಕನಸಲ್ಲಿ ಬರಲ್ವಾ. ಎಲ್ಲರೂ ಕೇಳುವುದು ಅದನ್ನೇ. ಉತ್ತರವೂ ರೆಡಿ ಇತ್ತು.

"ಅಷ್ಟು ಹೊತ್ತು ಸಿಮೆಂಟ್ ನೆಲದ ಮೇಲೆ ನಿಂತಿರ್ತೀರಲ್ಲ," ಎಂದ ಅವನು. "ಕಾಲು ನೋಯಲ್ವಾ?"

ಅವಳು ತಿರುಗಿ ಅವನನ್ನು ನೋಡಿದಳು. ಮೂರು ವರ್ಷದಲ್ಲಿ ಅವಳ ಕಾಲನ್ನು ವಿಚಾರಿಸಿಕೊಂಡವರು ಯಾರೂ ಇರಲಿಲ್ಲ.

"ನೋಯುತ್ತೆ," ಎಂದಳು. ಚಪ್ಪಲಿ ಕಳಚಿ ಕಾಲನ್ನು ಮುಂದಕ್ಕೆ ಚಾಚಿದಳು.

ಅಲ್ಲಿಂದ ಮುಂದೆ ಭಾನುವಾರಗಳಿಗೆ ಬೇರೆಯೇ ಬಣ್ಣ ಬಂತು. ಕೊನೆಯ ಪರೀಕ್ಷೆ ಹತ್ತಿರವಾಗುತ್ತಿತ್ತು. ಅವನು ಪಾರ್ಕಿನ ಬೆಂಚಿನ ಮೇಲೆ ಅವಳ ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದ. ಎಂಟು ವರ್ಷ ಡಾಕ್ಟರುಗಳ ಸಾಕ್ಷಿ ಟೈಪ್ ಮಾಡಿದವನಿಗೆ ವೈದ್ಯಕೀಯ ಶಬ್ದಗಳು ನಾಲಿಗೆಯ ತುದಿಯಲ್ಲಿದ್ದವು. ಅವಳ ಉತ್ತರದಲ್ಲಿ "ಅನ್ನಿಸುತ್ತದೆ" ಎಂಬುದು ಬಂದರೆ ಸಾಕು, ಪುಸ್ತಕ ಮುಚ್ಚಿಬಿಡುತ್ತಿದ್ದ. ಆ ಒಂದು ಪದ ಹಿಡಿದುಕೊಂಡು ವಕೀಲರು ನಿಮ್ಮನ್ನು ಅರ್ಧ ಗಂಟೆ ಆಡಿಸುತ್ತಾರೆ, ಗೊತ್ತಿದ್ದರೆ ಗೊತ್ತು ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ ಎನ್ನುತ್ತಿದ್ದ. ಒಮ್ಮೆ ಅವಳು ಬೇಕೆಂದೇ, ಇವತ್ತು ನಿಮ್ಮ ಅಂಗಿ ಚೆನ್ನಾಗಿದೆ ಅನ್ನಿಸುತ್ತದೆ ಎಂದಳು. ಅವನು ಪುಸ್ತಕ ಮುಚ್ಚಿದ. ಕೆನ್ನೆಯ ಗುಳಿ ಮಾತ್ರ ಮುಚ್ಚಿಡಲಾಗಲಿಲ್ಲ.

ಎಲ್ಲ ಭಾನುವಾರವೂ ಹಾಗಿರಲಿಲ್ಲ. ಒಂದು ಸಲ, ಹಿಂದಿನ ದಿನ ಮೇಜಿನ ಮೇಲೆ ಬಂದದ್ದು ನಾಲ್ಕು ವರ್ಷದ ಮಗು. ಅವಳು ಬಂದು ಬೆಂಚಿನ ತುದಿಯಲ್ಲಿ ಕೂತಳು, ಪುಸ್ತಕ ತೆಗೆಯಲಿಲ್ಲ. ಆಡುತ್ತಿದ್ದ ಮಕ್ಕಳ ಕಡೆಯಿಂದ ಅವಳು ಮುಖ ತಿರುಗಿಸಿದ್ದನ್ನು ಅವನು ಕಂಡ, ಏನಾಯಿತು ಎಂದು ಕೇಳಲಿಲ್ಲ. ಪಾರ್ಕಿನಲ್ಲಿ ಮಕ್ಕಳು ಉಯ್ಯಾಲೆ ಆಡುತ್ತಿದ್ದ ಕಡೆಗೆ ಬೆನ್ನಾಗುವ ಹಾಗೆ ಇಬ್ಬರೂ ಬೇರೆ ಬೆಂಚಿಗೆ ಹೋಗೋಣವೇ ಎಂದಷ್ಟೇ ಕೇಳಿದ. ಹೋದರು. ಬಹಳ ಹೊತ್ತಾದ ಮೇಲೆ ಅವನು ಅವಳ ಕೈಯ ಕಡೆ ಕೈ ಚಾಚಿದ.

ಅವಳು ತಟ್ಟನೆ ಕೈ ಹಿಂದೆ ಎಳೆದುಕೊಂಡು, ಚಾಳಿಯಂತೆ ಮೂಗಿನ ಹತ್ತಿರ ಒಯ್ದಳು. ಅವನು ಅದನ್ನು ನೋಡಿದ. ನೋಡಿ, ಮೆಲ್ಲನೆ ಆ ಕೈಯನ್ನು ಇಳಿಸಿ ತನ್ನ ಮುಖದ ಹತ್ತಿರ ತಂದು, ತಾನೂ ಮೂಸಿದ.

"ಲಿಂಬೆ ಸೋಪು," ಎಂದ. "ಸ್ವಲ್ಪ ಶಾಯಿ."

ಆ ಮೇಲೆ ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ. ಬೆರಳುಗಳ ನಡುವೆ ಬೆರಳು ಬಂದು ಕೂತವು. ನೂರಾರು ಎದೆಯೊಳಗೆ ಕೈ ಹಾಕಿ ಹೃದಯ ತೂಗಿದವಳಿಗೆ ತನ್ನದು ಇಷ್ಟು ಸದ್ದು ಮಾಡುತ್ತದೆ ಎಂದು ಗೊತ್ತಿರಲಿಲ್ಲ.

ಪರೀಕ್ಷೆ ಮುಗಿಯಿತು. ಮೌಖಿಕದಲ್ಲಿ ಮೂವರು ಪರೀಕ್ಷಕರು ಒಂದು ಗಂಟೆ ಹಿಂಡಿದರು. ನೀವು ಇದುವರೆಗೆ ಮಾಡಿದ ದೊಡ್ಡ ತಪ್ಪು ಯಾವುದು ಎಂದು ಒಬ್ಬರು ಕೇಳಿದಾಗ, ಆ ಮೆಟ್ಟಿಲ ಕೇಸನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಫಲಿತಾಂಶದ ದಿನ ಮೇಡಂ ತಮ್ಮ ವಿಭಾಗದಲ್ಲೇ ಅವಳಿಗೆ ಕೆಲಸ ಎಂದು ತಿಳಿಸಿ, ಸೋಮವಾರದಿಂದ ಎರಡನೇ ಮೇಜು ನಿನ್ನದು ಎಂದರು. ಹೊಗಳಿಕೆ ಅಷ್ಟೇ. ಅವಳಿಗೆ ಅದೇ ಬೇಕಾದಷ್ಟಾಯಿತು.

ಆಮೇಲೆ ಮನೆಯಲ್ಲಿ ವಿಷಯ ಹೇಳಿದಳು. ಅಪ್ಪ, ಹುಡುಗ ಯಾರು ಎಂದು ಕೇಳಿದರು. ಅಮ್ಮ, ಅವನ ತಾಯಿಗೆ ಇವಳ ಕೆಲಸ ಏನಂತ ಗೊತ್ತಾ ಎಂದು ಕೇಳಿದರು. ಸರಿಯಾಗಿ ಗೊತ್ತಿಲ್ಲ ಎಂದಾಗ, ಹಾಗಾದರೆ ಮೊದಲ ದಿನವೇ ಬಾಯಿ ಬಿಡಬೇಡ, ನಾನು ನಿಧಾನಕ್ಕೆ ಹೇಳುತ್ತೇನೆ ಎಂದು ಕೈ ಹಿಡಿದು ಬೇಡಿಕೊಂಡರು. ಒಂದು ಭಾನುವಾರ ಊಟಕ್ಕೆ ಅವರನ್ನು ಕರೆದದ್ದೂ ಆಯಿತು.

ಆ ಭಾನುವಾರ ಬೆಳಿಗ್ಗೆ ಎಂಟಕ್ಕೇ ಫೋನ್ ಬಂತು. ಮೇಡಂ ಊರಲ್ಲಿರಲಿಲ್ಲ. ಕೆರೆಯಲ್ಲಿ ಸಿಕ್ಕ ಕಾಲೇಜು ಹುಡುಗಿಯೊಬ್ಬಳನ್ನು ತಂದಿದ್ದರು, ಹೆತ್ತವರು ಬಾಗಿಲಲ್ಲಿ ಕೂತಿದ್ದರು. ಅಮ್ಮ ಬಾಗಿಲಿಗೆ ಅಡ್ಡ ನಿಂತು, ಇವತ್ತೊಂದು ದಿನ ಬೇರೆ ಯಾರೂ ಇಲ್ಲವೇ ಎಂದರು. ಯಾರೂ ಇರಲಿಲ್ಲ. ಅವಳು ಹೊಸ ಸೀರೆ ಬಿಚ್ಚಿಟ್ಟು ಹಳೆಯ ಬಟ್ಟೆ ಹಾಕಿಕೊಂಡು ಹೊರಟಳು. ಅಮ್ಮ ಅಡುಗೆಮನೆ ಸೇರಿದರು.

ಆಮೇಲೆ ಮನೆಯಲ್ಲಿ ನಡೆದದ್ದನ್ನು ಅವಳಿಗೆ ಹೇಳಿದವರು ಅಪ್ಪ. ಸ್ಟೆನೊ ತನ್ನ ತಾಯಿಯನ್ನು ಕರೆದುಕೊಂಡು ಹೇಳಿದ ಹೊತ್ತಿಗೆ ಬಂದ. ತಾಯಿ ಟೈಲರ್, ಗಂಡ ಹೋದ ಮೇಲೆ ಹೊಲಿಗೆ ಯಂತ್ರದ ಮೇಲೆಯೇ ಮಗನನ್ನು ಬೆಳೆಸಿದವರು. ಹುಡುಗಿ ಎಲ್ಲಿ ಎಂದು ಕೇಳಿದರು. ಅಮ್ಮ, ಅರ್ಜೆಂಟ್ ಪೇಶೆಂಟ್ ಒಬ್ಬರು ಎಂದು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದರು. ಕೈಯಲ್ಲಿದ್ದ ಟ್ರೇ ಕೆಳಗಿಟ್ಟರು.

"ಪೇಶೆಂಟ್ ಅಲ್ಲ. ಒಂದು ಹುಡುಗಿ ಸತ್ತು ಹೋಗಿದ್ದಾಳೆ. ಹೇಗೆ ಹೋದಳು ಅಂತ ಅವಳ ಅಪ್ಪ ಅಮ್ಮನಿಗೆ ಗೊತ್ತಾಗಬೇಕು. ನನ್ನ ಮಗಳು ಹೇಳೋವರೆಗೂ ಅವರಿಗೆ ಗೊತ್ತಾಗಲ್ಲ. ಅವಳ ಕೆಲಸ ಅದು."

ಹೇಳುವಾಗ ನಿಮ್ಮಮ್ಮನ ಬೆನ್ನು ನೆಟ್ಟಗಿತ್ತು, ಶಾಲೆಯಲ್ಲಿ ಪಾಠ ಮಾಡುವಾಗ ಇರುವ ಹಾಗೆ ಎಂದರು ಅಪ್ಪ.

ಟೈಲರಮ್ಮ ಟ್ರೇಯಿಂದ ತಾವೇ ಒಂದು ಲೋಟ ತೆಗೆದುಕೊಂಡರಂತೆ. ಆಮೇಲೆ, ಎಲ್ಲ ಮುಗಿದ ಮೇಲೆ ಹೊಲಿಯುತ್ತಾರಲ್ಲ, ಯಾವ ಹೊಲಿಗೆ ಹಾಕುತ್ತಾಳೆ ಎಂದು ಕೇಳಿದರಂತೆ. ಅಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಹಾಗಾದರೆ ಅವಳೇ ಬಂದು ಹೇಳಲಿ, ಕಾಯೋಣ, ಊಟಕ್ಕೇನು ಅವಸರ ಎಂದರಂತೆ.

ಅವಳು ಆಸ್ಪತ್ರೆಯಲ್ಲೇ ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ಮನೆ ತಲುಪಿದಾಗ ಮೂರಾಗಿತ್ತು. ಬೈಸಿಕೊಳ್ಳಲು ತಯಾರಾಗಿಯೇ ಒಳಗೆ ಕಾಲಿಟ್ಟಳು. ಟೈಲರಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಚೀಲದಿಂದ ಸೂಜಿ ದಾರ, ಒಂದು ತುಂಡು ಬಟ್ಟೆ ತೆಗೆದುಕೊಟ್ಟರು. ಅವಳು ಹಾಕಿ ತೋರಿಸಿದಳು. ಒಳಗಿನಿಂದ ಹೊರಗೆ, ಒಂದೇ ಅಳತೆಯಲ್ಲಿ, ಬಿಗಿಯಾಗಿ. ಯಾರೂ ನೋಡದ ಕಡೆ ಇಷ್ಟು ನೀಟಾಗಿ ಯಾಕೆ ಎಂದು ಅವರು ಕೇಳಿದರು.

"ಮನೆಯವರು ಕೊನೆಗೆ ಸ್ನಾನ ಮಾಡಿಸುವಾಗ ನೋಡ್ತಾರಮ್ಮ," ಎಂದಳು.

ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ, ತಮ್ಮ ಚೀಲದಲ್ಲಿಟ್ಟುಕೊಂಡರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆ ಬಿಸಿ ಮಾಡಲು ಎದ್ದರು.

ಅವಳು ಒದ್ದೆ ಟವೆಲ್ ಹಾಕಲು ಹಿತ್ತಲಿಗೆ ಬಂದಳು. ಹಿಂದೆಯೇ ಸ್ಟೆನೊ ಬಂದ. ತಂತಿಯ ಮೇಲೆ ಒಣಗಿದ ಬೆಡ್‌ಶೀಟಿನ ಆ ಕಡೆ ಅವನು, ಈ ಕಡೆ ಅವಳು.

"ಒಳಗೆ ಕ್ಯಾಲೆಂಡರ್ ತೆಗೆದು ಕೂತಿದ್ದಾರೆ," ಎಂದ. "ನಾನು ಇನ್ನೂ ನಿಮ್ಮನ್ನ ಕೇಳೇ ಇಲ್ಲ."

"ಹೌದು, ಕೇಳಿಲ್ಲ."

ಅವನು ಬೆಡ್‌ಶೀಟನ್ನು ಒಂದು ಬದಿಗೆ ಸರಿಸಿದ.

"ದಿನಾ ಸಾವಿರಾರು ಮಾತು ಟೈಪ್ ಮಾಡ್ತೀನಿ, ಎಲ್ಲಾ ಬೇರೆಯವರದ್ದು. ನನ್ನದು ಅಂತ ಹೇಳೋಕೆ ಸ್ವಲ್ಪ ಇದೆ. ನಿಮ್ಮ ಜೊತೆ ಇರೋದು ನನಗಿಷ್ಟ. ಇವತ್ತು ಹೀಗೆ ಕಾದೆನಲ್ಲ, ಅದೂ ಇಷ್ಟ ಆಯ್ತು. ಜೀವನಪೂರ್ತಿ ಕಾಯಿಸಿದ್ರೂ ಬೇಜಾರಿಲ್ಲ, ಕೊನೆಗೆ ಬರೋದು ನನ್ನ ಮನೆಗೇ ಆದ್ರೆ."

ಅವಳು ತಂತಿಯಿಂದ ಒಂದು ಕ್ಲಿಪ್ ತೆಗೆದು ಅವನ ಅಂಗಿ ತೋಳಿಗೆ ಸಿಕ್ಕಿಸಿದಳು. ಇನ್ನೊಂದು ತೆಗೆದು ಅದರ ಪಕ್ಕಕ್ಕೆ ಸಿಕ್ಕಿಸಿದಳು.

"ಬರ್ತೀನಿ," ಎಂದಳು. "ಆದ್ರೆ ಇನ್ನು ಮೇಲೆ ನನ್ನನ್ನ ನೀವು ನೀವು ಅಂತ ಕರೀಬೇಡ."

ತನ್ನ ಬಾಯಿಂದ ಏನು ಬಂತು ಎಂದು ಅವಳಿಗೆ ಹೊಳೆಯುವ ಮೊದಲೇ ಅವನ ಕಿವಿ ಕೆಂಪಾಗಿತ್ತು. ಒಳಗಿನಿಂದ ಬಿಸಿ ಅನ್ನದ ಪರಿಮಳ ಬರುತ್ತಿತ್ತು, ಅಮ್ಮಂದಿರಿಬ್ಬರು ಯಾವುದೋ ದಿನಕ್ಕೆ ಒಪ್ಪಿ ನಗುವುದು ಕೇಳುತ್ತಿತ್ತು.

"ಸರಿ," ಎಂದ ಅವನು, ಆ ಹೊಸ ಮಾತನ್ನು ಸ್ವಲ್ಪ ಹೆದರಿಕೆಯಿಂದಲೇ ಬಾಯಿಗೆ ತಂದುಕೊಳ್ಳುತ್ತಾ. "ಬಾ, ಊಟ ಮಾಡು ಬಾ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."